ಗುಳ್ಳೆ ಎದ್ದರೂ ಗೆಂಡೆ ಕಚ್ಚಲಿಲ್ಲ, ಏಕೆ?

ಪ್ರಶ್ನೆ: ಜನವರಿಯ ಎರಡನೇ ಭಾನುವಾರ ಬೇಲೂರು ತಾಲ್ಲೂಕಿನ ನಮ್ಮೂರ ಕೆರೆಯಲ್ಲಿ, ಗುತ್ತಿಗೆದಾರರ ಒಪ್ಪಿಗೆ ಪಡೆದು, ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಗೆಂಡೆಗೆ (ಕಾಮನ್ ಕಾರ್ಪ್ ಮೀನಿಗೆ) ಗಾಳ ಹಾಕಿದೆ. ಕೂತಿದ್ದು ಏರಿಯ ಮೇಲೆ, ತೂಬಿನ ಪಕ್ಕ. ಹೋದ ತಕ್ಷಣ 5 ಕೆ.ಜಿ. ಹಿಂಡಿ, ತೌಡಿನ ಉಂಡೆ ಎಸೆದೆ. 0.30 ಮಿ.ಮೀ. ತಂಗೂಸಿ (ನೈಲಾನ್ ದಾರ), ಬೆಂಡು, ಗಾಳಕ್ಕೆ ರಾಗಿಹಿಟ್ಟಿನ ಉಂಡೆ. ಒಂಬತ್ತೂವರೆವರೆಗೆ ಬೆಂಡು ಮಿಸುಕಲಿಲ್ಲ. ಆಮೇಲೆ ಎರಡು ಗಂಟೆ ಒಂದೇ ಸಮನೆ ಕುಣಿಯಿತು. ಎಳೆದಾಗಲೆಲ್ಲ ಬರಿ ಗಾಳ, ಅರ್ಧ ಕೆ.ಜಿ.ಯ ಎರಡು ಗೆಂಡೆ ಮಾತ್ರ ಸಿಕ್ಕವು. ಮಧ್ಯಾಹ್ನ ಬೆಂಡಿನ ಸುತ್ತ ಗುಳ್ಳೆ ಏಳುತ್ತಲೇ ಇದ್ದವು, ಒಂದೂ ಕಚ್ಚಲಿಲ್ಲ. ನಾಲ್ಕೂವರೆಗೆ ದೊಡ್ಡದೊಂದು ಬಿತ್ತು. ಎರಡು ನಿಮಿಷ ಎಳೆದಾಡಿ ತಪ್ಪಿಸಿಕೊಂಡಿತು, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಉಳಿದ ದಾರದ ತುದಿ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿತ್ತು. ಇದೆಲ್ಲ ಅದೃಷ್ಟದ ಆಟವೇ, ನನ್ನ ತಪ್ಪೇ? ಮುಂದಿನ ಸಲ ಹೇಮಾವತಿ ಹಿನ್ನೀರಿಗೆ ಹೋಗೋಣ ಎಂದುಕೊಂಡಿದ್ದೇನೆ, ಏನು ನೋಡಿಕೊಳ್ಳಬೇಕು?

ಉತ್ತರ: ಸುರುಳಿ ಸುತ್ತಿದ ಆ ತುದಿಯಿಂದಲೇ ಶುರು ಮಾಡೋಣ. ಇಡೀ ದಿನದಲ್ಲಿ ಪೂರ್ತಿಯಾಗಿ ತಪ್ಪಿಸಬಹುದಾಗಿದ್ದ ನಷ್ಟ ಅದೊಂದೇ.

ತಂಗೂಸಿ ಹೋದಾಗ ತುದಿಯನ್ನು ಬಿಸಾಡದೆ ನೋಡಬೇಕು. ಕಲ್ಲಿಗೆ ಉಜ್ಜಿ ಹೋಗಿದ್ದರೆ ತುದಿಯ ಹಿಂದಿನ ಒಂದೆರಡು ಅಡಿ ಬೆಳ್ಳಗೆ ತರಚಿರುತ್ತದೆ, ಉಗುರಿನಿಂದ ಸವರಿದರೆ ಒರಟು ಸಿಗುತ್ತದೆ. ಏರಿಯ ಒಳಮೈಗೆ ಕಲ್ಲು ಕಟ್ಟಿರುವ ಕೆರೆಗಳಲ್ಲಿ ಇದು ಸಾಮಾನ್ಯ. ಭಾರ ತಾಳದೆ ನಡುವೆ ಹರಿದಿದ್ದರೆ ತುದಿ ನೇರವಾಗಿರುತ್ತದೆ. ಸುರುಳಿಯಾಗಿದ್ದರೆ ಗಂಟು ಜಾರಿದೆ ಎಂದೇ ಅರ್ಥ. ನಿಮ್ಮ ಮೀನು ದಾರ ಹರಿಯಲಿಲ್ಲ, ಗಂಟು ತಾನಾಗಿ ಬಿಚ್ಚಿಕೊಂಡಿತು.

ಗಂಟು ಹೀಗಿರಲಿ. ಗಾಳದ ಕಣ್ಣಿನೊಳಗೆ ದಾರ ತೂರಿಸಿ 12 ಸೆಂ.ಮೀ. ತುದಿ ಈಚೆಗೆ ಎಳೆದುಕೊಳ್ಳಿ. ಆ ತುದಿಯನ್ನು ಮೂಲ ದಾರಕ್ಕೆ 5 ಅಥವಾ 6 ಸುತ್ತು ಸುತ್ತಿ, ಹಿಂದಕ್ಕೆ ತಂದು ಗಾಳದ ಕಣ್ಣಿನ ಪಕ್ಕದಲ್ಲೇ ಉಳಿದಿರುವ ಚಿಕ್ಕ ಕುಣಿಕೆಯೊಳಗೆ ಹಾಯಿಸಿ. ಆಗ ದೊಡ್ಡದೊಂದು ಕುಣಿಕೆ ಹುಟ್ಟುತ್ತದೆ, ತುದಿಯನ್ನು ಅದರೊಳಗೂ ಹಾಯಿಸಬೇಕು. ಬಹಳ ಜನ ಈ ಎರಡನೆಯದನ್ನು ಬಿಡುತ್ತಾರೆ, ಮೂರೇ ಸುತ್ತಿಗೆ ನಿಲ್ಲಿಸುತ್ತಾರೆ, ಜಾರುವುದು ಅಲ್ಲೇ. ಬಿಗಿಯುವ ಮುನ್ನ ಗಂಟನ್ನು ನೀರಿನಲ್ಲೋ ಎಂಜಲಿನಲ್ಲೋ ಒದ್ದೆ ಮಾಡಿ. ಒಣ ತಂಗೂಸಿಯನ್ನು ಜಗ್ಗಿದರೆ ತಿಕ್ಕಾಟದ ಬಿಸಿಗೆ ಅದರ ಮೈ ಸುಟ್ಟು ಬಲ ಹೋಗುತ್ತದೆ. ನಿಧಾನವಾಗಿ ಎಳೆಯುತ್ತಾ ಬಂದರೆ ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಕೂರುತ್ತವೆ. ಒಂದರ ಮೇಲೊಂದು ಹತ್ತಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. ಕೊನೆಗೆ 3 ಮಿ.ಮೀ. ತುದಿ ಉಳಿಸಿ ಕತ್ತರಿಸಿ. ಗಾಳವನ್ನು ಗಟ್ಟಿ ಕೊಂಬೆಗೆ ಸಿಕ್ಕಿಸಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಒಮ್ಮೆ ಜಗ್ಗಿ ನೋಡಿ. ಜಾರುವ ಗಂಟು ಅಲ್ಲೇ ಜಾರಲಿ.

ರೀಲಿನ ಡ್ರ್ಯಾಗ್ (ಮೀನು ಜಗ್ಗಿದಾಗ ರೀಲು ಎಷ್ಟು ಬಿಗಿಯಾಗಿ ದಾರ ಬಿಡಬೇಕೆಂದು ಹೊಂದಿಸುವ ತಿರುಪು) ವಿಷಯ ನೀವು ಬರೆದಿಲ್ಲ, ಆದರೆ ಎರಡೇ ನಿಮಿಷದಲ್ಲಿ ಗಂಟು ಹೋಯಿತೆಂದರೆ ಅದೂ ಬಿಗಿಯಾಗಿಯೇ ಇದ್ದಿರಬೇಕು. 0.30 ಮಿ.ಮೀ. ತಂಗೂಸಿ ಕಂಪನಿಗೆ ತಕ್ಕಂತೆ ಸುಮಾರು 6 ಕೆ.ಜಿ. ತಡೆಯುತ್ತದೆ ಎಂದಿಟ್ಟುಕೊಳ್ಳಿ. ಡ್ರ್ಯಾಗ್ ಅದರ ಕಾಲು ಭಾಗಕ್ಕೆ, ಅಂದರೆ ಒಂದೂವರೆ ಕೆ.ಜಿ.ಗೆ ಸಡಿಲಬೇಕು. ಅಳೆಯಲು ತಕ್ಕಡಿ ಬೇಡ. ಒಂದೂವರೆ ಲೀಟರಿನ ನೀರಿನ ಬಾಟಲಿ ತುಂಬಿಸಿ, ಕತ್ತಿಗೆ ದಾರ ಕಟ್ಟಿ, ಕೋಲಿನಿಂದ ನೆಲಬಿಟ್ಟು ಎತ್ತಿ. ಬಾಟಲಿ ಮೇಲೇಳುತ್ತಲೇ ರೀಲು ಟಿಕ್ ಟಿಕ್ ಎಂದು ನಿಧಾನವಾಗಿ ದಾರ ಬಿಡುವಷ್ಟಕ್ಕೆ ತಿರುಪು ನಿಲ್ಲಿಸಿ. ಮೀನು ದಡದ ಹತ್ತಿರ ಬಂದಾಗ ಇನ್ನೂ ಕಾಲು ಸುತ್ತು ಸಡಿಲಿಸಿ, ಏಕೆಂದರೆ ನೀರಿನಲ್ಲಿರುವ ದಾರ ಚಿಕ್ಕದಾದಷ್ಟೂ ಅದರ ಹಿಗ್ಗು ಕಡಿಮೆ, ಕೊನೆಯ ಎಗರಾಟದ ಪೆಟ್ಟು ನೇರ ಗಂಟಿಗೇ ಬೀಳುತ್ತದೆ. ಕೈಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು ಮೀನನ್ನು ಅದರ ಮೇಲಕ್ಕೆ ತನ್ನಿ. ಬಲೆಯಿಂದ ಮೀನನ್ನು ಬಾಚಲು ಹೋದರೆ ಬೆದರಿ ಮತ್ತೆ ಓಡುತ್ತದೆ.

ಈಗ ಉಳಿದ ಹನ್ನೊಂದು ಗಂಟೆಗಳ ಮಾತು. ಅದಕ್ಕೆ ಗೆಂಡೆ ಹೇಗೆ ತಿನ್ನುತ್ತದೆ ಎಂಬುದು ಗೊತ್ತಿರಬೇಕು. ನಿಮ್ಮ ದಿನದ ಏರಿಳಿತದ ಬಹುಪಾಲು ಆ ಬಾಯಿಯಲ್ಲೇ ಇದೆ.

ಗೆಂಡೆಯ ದವಡೆಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ. ತುಟಿಯನ್ನು ಕೊಳವೆಯಂತೆ ಮುಂದೆ ಚಾಚಿ, ಹೂಳು ಸಮೇತ ಹೀರಿಕೊಂಡು, ತಿನ್ನುವಂಥದ್ದನ್ನು ಬಾಯಲ್ಲೇ ಹಿಡಿದು ಉಳಿದದ್ದನ್ನು ಉಗಿಯುತ್ತದೆ. ಕಲ್ಲಕ್ಕಿ ಜಾಲಿಸುವ ಹಾಗೆ, ಒಂದರ ಹಿಂದೊಂದು ಬಾಯಿ, ಬಿಡುವಿಲ್ಲದೆ. ಬಾಯಿಯ ಅಕ್ಕಪಕ್ಕ ಎರಡು ಜೊತೆ ಮೀಸೆ ಇವೆ, ಅವುಗಳಿಂದಲೇ ರುಚಿ ನೋಡಬಲ್ಲದು. ಹಿಟ್ಟಿನ ಉಂಡೆಯೊಳಗೆ ಗಾಳ ಹುದುಗಿದ್ದರೆ ಅದರ ಭಾರ, ಗಡಸು ಸಿಕ್ಕ ಕ್ಷಣವೇ ಉಗಿದುಬಿಡುತ್ತದೆ. ಅಷ್ಟರಲ್ಲಿ ಮೇಲಿನ ಬೆಂಡು ಅಲುಗುವುದೂ ಇಲ್ಲ. ಗೆಂಡೆಗೆ ನಿಜವಾದ ಜಠರವಿಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಒಂದೇ ಸಲ ಹೊಟ್ಟೆ ಬಿರಿಯ ತಿಂದು ಮಲಗುವ ಪ್ರಾಣಿ ಅದಲ್ಲ, ಸ್ವಲ್ಪ ಸ್ವಲ್ಪವಾಗಿ ಮೇಯುವ ಪ್ರಾಣಿ.

ನಿಮ್ಮ ಮಧ್ಯಾಹ್ನದ ಗುಳ್ಳೆಗಳ ಅರ್ಥ ಇಲ್ಲಿದೆ. ಸಾಸಿವೆಯಿಂದ ಕಡಲೆಕಾಳಿನಷ್ಟರವರೆಗಿನ ಗುಳ್ಳೆಗಳು ಗುಂಪಾಗಿ ಎದ್ದು, ಒಂದು ಅಡಿ ಆಚೆ ಮತ್ತೊಂದು ಗುಂಪು, ಇನ್ನೊಂದು ಅಡಿ ಆಚೆ ಮಗದೊಂದು, ಹೀಗೆ ಸಾಲಾಗಿ ಸರಿಯುತ್ತಿದ್ದರೆ ಕೆಳಗೆ ಗೆಂಡೆ ಹೂಳು ಕೆದಕುತ್ತಿದೆ. ಹೂಳಿನಲ್ಲಿ ಸಿಕ್ಕಿಕೊಂಡ ಗಾಳಿ ಹಾಗೆ ಬಿಡುಗಡೆಯಾಗುತ್ತದೆ. ನಿಂಬೆಹಣ್ಣಿನಷ್ಟು ದೊಡ್ಡ ಗುಳ್ಳೆ ಒಂದೇ ಜಾಗದಲ್ಲಿ ಆಗಾಗ ಬುಳಕ್ ಎಂದು ಎದ್ದರೆ ಅದು ಬರೀ ಕೊಳೆತ ಹೂಳಿನ ಗಾಳಿ, ಮೀನಲ್ಲ. ನಿಮ್ಮವು ಬೆಂಡಿನ ಸುತ್ತಲೇ ಏಳುತ್ತಿದ್ದವು ಎಂದಿದ್ದೀರಿ, ಆದ್ದರಿಂದ ಮೀನು ಇತ್ತು, ತಿನ್ನುತ್ತಲೂ ಇತ್ತು. ನಿಮ್ಮ ಉಂಡೆಯನ್ನಲ್ಲ, ನೀವು ಬೆಳಿಗ್ಗೆ ಎಸೆದಿದ್ದನ್ನು.

ಲೆಕ್ಕ ಹಾಕಿ ನೋಡಿ. ಕೊಳದಲ್ಲಿ ಗೆಂಡೆ ಸಾಕುವವರು ಬೆಚ್ಚನೆಯ ನೀರಿನಲ್ಲಿ ದಿನಕ್ಕೆ ಮೀನಿನ ತೂಕದ ಶೇ 2ರಿಂದ 3ರಷ್ಟು ಮೇವು ಕೊಡುತ್ತಾರೆ. ಒಂದು ಕೆ.ಜಿ.ಯ ಮೀನಿಗೆ 20 ಗ್ರಾಂ ಎಂದರೂ ನಿಮ್ಮ 5 ಕೆ.ಜಿ. ಅಂಥ 250 ಮೀನುಗಳ ಇಡೀ ದಿನದ ಊಟ. ಜನವರಿಯ ತಣ್ಣನೆ ನೀರಿನಲ್ಲಿ ಅದರ ಅರ್ಧವೂ ಬೇಕಾಗುವುದಿಲ್ಲ. ಅಷ್ಟು ಮೇವಿನ ನಡುವೆ ನಿಮ್ಮ ಗಾಳದ ಒಂದು ಉಂಡೆ ಮೀನಿನ ಬಾಯಿಗೆ ಸಿಗುವ ಸಾಧ್ಯತೆ ಎಷ್ಟು? ಮೇವಿನ ಬುದ್ಧಿವಂತಿಕೆ ಕೊಡುವುದರಲ್ಲಿಲ್ಲ, ತಡೆದುಕೊಳ್ಳುವುದರಲ್ಲಿದೆ. ಎಸೆದದ್ದನ್ನು ವಾಪಸ್ ತೆಗೆಯಲಾಗದು.

ಮುಂದಿನ ಸಲ 2 ಕೆ.ಜಿ. ಅಕ್ಕಿ ತೌಡಿಗೆ 1 ಕೆ.ಜಿ. ಕಡಲೆಕಾಯಿ ಹಿಂಡಿ ಸಾಕು. ಹಿಂಡಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಬೂಸ್ಟು ಹಿಡಿದ ಹಿಂಡಿ ಬೇಡ, ಅದರ ವಿಷ ಮೀನಿಗೂ ಕೆಟ್ಟದ್ದು. ನೂರು ಗ್ರಾಂ ಬೆಲ್ಲ, ಒಂದೆರಡು ಹಿಡಿ ಬೇಯಿಸಿದ ಮುಸುಕಿನ ಜೋಳ ಸೇರಿಸಿ. ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ: ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಗಟ್ಟಿಯಾದರೆ ತಳದಲ್ಲಿ ಕಲ್ಲಿನಂತೆ ಕೂರುತ್ತದೆ, ಸಡಿಲವಾದರೆ ಮೇಲೇ ಕರಗಿ ಪುಡಿಮೀನನ್ನು ಕರೆಯುತ್ತದೆ. ಆರಂಭಕ್ಕೆ ಕಿತ್ತಳೆ ಗಾತ್ರದ ನಾಲ್ಕು ಉಂಡೆ, ಸುಮಾರು 600 ಗ್ರಾಂ. ಆಮೇಲೆ ಮೀನು ಸಿಕ್ಕರೆ ಒಂದು ಉಂಡೆ. ಸಿಗದಿದ್ದರೆ ಮುಕ್ಕಾಲು ಗಂಟೆ ಸುಮ್ಮನೆ ಕೂರಿ. ದಿನದ ಕೊನೆಗೆ ಮೇವು ಉಳಿದರೆ ಅದೇ ಸರಿಯಾದ ಲಕ್ಷಣ. ಮುಸುಕಿನ ಜೋಳ, ಕಡಲೆಯನ್ನು ಹಸಿಯಾಗಿ ಎಸೆಯಬೇಡಿ, ನೆನೆಯದ ಕಾಳು ಮೀನಿನ ಕರುಳಿನಲ್ಲಿ ಉಬ್ಬುತ್ತದೆ. ಜೋಳ 24 ಗಂಟೆ, ಕಡಲೆ 12 ಗಂಟೆ ನೆನೆದು, ಉಗುರಿಗೆ ಮೆತ್ತಗಾಗುವವರೆಗೆ ಬೇಯಬೇಕು.

ಗುಳ್ಳೆ ಎದ್ದೂ ಕಚ್ಚದಿದ್ದಾಗ ಮೊದಲು ಮೇವು ನಿಲ್ಲಿಸಿ. ಎರೆಯನ್ನು, ಅಂದರೆ ಗಾಳದ ತಿನಿಸನ್ನು, ಗುಳ್ಳೆಯ ನಡುವಿನಿಂದ ತೆಗೆದು ಎರಡು ಮೂರು ಮೀಟರ್ ಪಕ್ಕಕ್ಕೆ, ಮೇವಿನ ಅಂಚಿಗೆ ಹಾಕಿ. ಅಲ್ಲಿ ಬೇರೆ ತಿನಿಸಿಲ್ಲ, ಸರಿದು ಬಂದ ಮೀನಿಗೆ ಕಾಣುವುದು ನಿಮ್ಮದೊಂದೇ. ಇದು ಆ ಹೊತ್ತಿನ ಉಪಾಯ. ಶಾಶ್ವತ ಉಪಾಯವೆಂದರೆ ಎರೆಯನ್ನು ಗಾಳದಿಂದ ಹೊರಗೆ ತೂಗಿಬಿಡುವುದು. ಅದನ್ನು ಹೇರ್ ರಿಗ್ ಎನ್ನುತ್ತಾರೆ.

35 ಸೆಂ.ಮೀ. ದಾರದ ಒಂದು ತುದಿಯಲ್ಲಿ ಬಟಾಣಿ ಗಾತ್ರದ ಕುಣಿಕೆ ಕಟ್ಟಿ. ಬೇಯಿಸಿದ ಕಡಲೆಕಾಳನ್ನೋ ಎರಡು ಜೋಳದ ಕಾಳನ್ನೋ ಸೂಜಿಯಲ್ಲಿ ಪೋಣಿಸಿ ಕುಣಿಕೆಗೆ ಇಳಿಸಿ, ಜಾರದಂತೆ ಕುಣಿಕೆಯೊಳಗೆ ಒಂದು ತುಂಡು ಒಣ ಹುಲ್ಲುಕಡ್ಡಿ ಅಡ್ಡ ಇಡಿ. 8 ಅಥವಾ 6ನೇ ನಂಬರಿನ ಗಾಳದ ಕಣ್ಣಿಗೆ ದಾರದ ಇನ್ನೊಂದು ತುದಿಯನ್ನು ಮೊನೆ ಇಲ್ಲದ ಕಡೆಯಿಂದ ಮೊನೆ ಇರುವ ಕಡೆಗೆ ತೂರಿಸಿ. ಕಾಳು ಗಾಳದ ಬಾಗಿನಿಂದ 5ರಿಂದ 8 ಮಿ.ಮೀ. ಕೆಳಗೆ ತೂಗುವಂತೆ ಹಿಡಿದು, ಕಾಳಿನ ದಾರವನ್ನೂ ಸೇರಿಸಿ ಗಾಳದ ಕಾಲಿಗೆ 7 ಅಥವಾ 8 ಸುತ್ತು ಬಿಗಿಯಾಗಿ ಸುತ್ತಿ, ತುದಿಯನ್ನು ಮತ್ತೆ ಅದೇ ಹಿಂಬದಿಯಿಂದ ಕಣ್ಣಿನೊಳಗೆ ಹಾಯಿಸಿ ಎಳೆಯಿರಿ. ಪ್ರತ್ಯೇಕ ಗಂಟೇ ಬೇಡ. ಇನ್ನೊಂದು ತುದಿಗೆ ಸ್ವಿವೆಲ್ (ತಿರುಗುವ ಲೋಹದ ಕೊಂಡಿ) ಕಟ್ಟಿದ ಮೇಲೆ ಉದ್ದ 15ರಿಂದ 20 ಸೆಂ.ಮೀ. ಉಳಿಯಬೇಕು.

ಇದಕ್ಕೆ 60ರಿಂದ 80 ಗ್ರಾಂ ಸೀಸದ ಗುಂಡು ಬೇಕು. ಗುಂಡನ್ನು ಸ್ವಿವೆಲ್ಲಿನ ತಲೆಗೆ ಸೈಕಲ್ಲಿನ ವಾಲ್ ಟ್ಯೂಬ್ ತುಂಡಿನಿಂದ ಹಿಡಿಸಿ. ಗೆಂಡೆ ಕಾಳನ್ನು ಹೀರಿದಾಗ ಬರಿ ಗಾಳ ಹಿಂದೆಯೇ ಬಾಯೊಳಗೆ ಹೋಗುತ್ತದೆ. ಉಗಿಯಲು ಹೋದಾಗ ಮೊನೆ ಕೆಳತುಟಿಗೆ ತಾಗುತ್ತದೆ. ತಲೆ ಕೊಡವಿದರೆ ಗುಂಡಿನ ಭಾರಕ್ಕೆ ಚುಚ್ಚಿಕೊಳ್ಳುತ್ತದೆ. ಉಗಿಯುವ ಅದರ ಅಭ್ಯಾಸವೇ ನಿಮ್ಮ ಕೆಲಸ ಮಾಡಿಕೊಡುತ್ತದೆ. ಟ್ಯೂಬ್ ತೀರ ಬಿಗಿ ಇರಕೂಡದು. ದಾರ ಹರಿದುಹೋದ ಮೀನು ಒಂದೆರಡು ಸಲ ಜಗ್ಗಿದರೆ ಗುಂಡು ಕಳಚಬೇಕು, ಇಲ್ಲದಿದ್ದರೆ ಅದು ಆ ಭಾರವನ್ನು ಎಳೆದುಕೊಂಡೇ ಎಲ್ಲಾದರೂ ಸಿಕ್ಕಿಕೊಂಡು ಸಾಯುತ್ತದೆ. ಸಣ್ಣ ಸೀಸದ ಗುಂಡುಗಳನ್ನು ಹಲ್ಲಿನಿಂದ ಕಚ್ಚಿ ಅಮುಕುವ ರೂಢಿ ಇದ್ದರೆ ಇವತ್ತೇ ಬಿಡಿ, ಸೀಸ ವಿಷ, ಇಕ್ಕಳ ಬಳಸಿ.

ಗುಂಡು ಎಸೆದ ಮೇಲೆ ಅರ್ಧ ಅಡಿ ಎಳೆದು ತಳ ಕೇಳಿಸಿಕೊಳ್ಳಿ. ಕೋಲಿಗೆ ಟಕಟಕ ತಾಗಿದರೆ ಗರಸು. ನುಣ್ಣಗೆ ಭಾರವಾಗಿ ಬಂದರೆ ಹೂಳು. ಹಿಡಿದು ಹಿಡಿದು ಬಿಟ್ಟರೆ ಜೊಂಡು. ಹೂಳು ಆಳವಿದ್ದರೆ ಗುಂಡು ಎರೆಯನ್ನೂ ಒಳಗೆ ಎಳೆದುಕೊಳ್ಳುತ್ತದೆ, ಅಲ್ಲಿ ಗಾಳದ ದಾರ 30 ಸೆಂ.ಮೀ. ಇರಲಿ. ವಾಪಸ್ ಬಂದ ಗುಂಡಿಗೆ ಕರಿ ಕೆಸರು ಮೆತ್ತಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ಜಾಗ ಬಿಡಿ, ಅಂಥ ತಳದಲ್ಲಿ ಗೆಂಡೆ ಮೇಯುವುದಿಲ್ಲ.

ಇನ್ನು ಒಂಬತ್ತೂವರೆಯಿಂದ ಹನ್ನೊಂದೂವರೆವರೆಗಿನ ಕುಣಿತ. ಬೆಂಡು ಚುರುಚುರು ಅಲುಗಿ, ಮುಳುಗದೆ, ಗಾಳ ಬರಿದಾಗಿ ಬಂದರೆ ಅದು ಹೆಚ್ಚಾಗಿ ಜಿಲೇಬಿ (ತಿಲಾಪಿಯ) ಮತ್ತು ಪುಡಿಮೀನಿನ ಕೆಲಸ. ಗೆಂಡೆ ಎತ್ತಿದರೆ ಬೆಂಡು ಒಂದೋ ಅಡ್ಡ ಬೀಳುತ್ತದೆ, ಇಲ್ಲವೇ ಓರೆಯಾಗಿ ಜಾರಿಕೊಂಡು ಹೋಗುತ್ತದೆ. ರಾಗಿಹಿಟ್ಟನ್ನೇ ಬಳಸುವ ಹಾಗಿದ್ದರೆ ಹಸಿ ಹಿಟ್ಟು ಬೇಡ. ಮುದ್ದೆ ಮಾಡಿಕೊಂಡು, ಮೂರು ಪಾಲು ಮುದ್ದೆಗೆ ಒಂದು ಪಾಲು ಹಿಂಡಿ ಪುಡಿ, ಚಿಟಿಕೆ ಹತ್ತಿ ಎಳೆ ಸೇರಿಸಿ ನಾದಿ. ಲೋಟದ ನೀರಿನಲ್ಲಿ ಹಾಕಿದರೆ ಇಪ್ಪತ್ತು ನಿಮಿಷ ಬಿಡದೆ ನಿಲ್ಲಬೇಕು. ಬೆಂಡಿನಲ್ಲಿ ನಿಜವಾದ ಆಳಕ್ಕಿಂತ ಒಂದು ಗೇಣು ಹೆಚ್ಚು ದಾರ ಬಿಡಿ, ಎರೆ ತಳದಲ್ಲಿ ಮಲಗಲಿ. ಆದರೂ ಜಿಲೇಬಿ ಕಾಟ ಜೋರಿರುವ ಕೆರೆಯಲ್ಲಿ ಹಿಟ್ಟಿಗಿಂತ ಗಟ್ಟಿ ಕಡಲೆಯೇ ಮೇಲು, ಇದರಲ್ಲಿ ಎರಡು ಮಾತಿಲ್ಲ.

ಬೆಳಗಿನ ಮೂರೂವರೆ ಗಂಟೆಯ ಮೌನಕ್ಕೆ ನಿಮ್ಮದು ಅರ್ಧ ತಪ್ಪು, ಉಳಿದರ್ಧ ಕಾಲದ್ದು. ಜನವರಿಯ ಮುಂಜಾನೆ ನೀರು ತಣ್ಣಗಿದ್ದು ಮೀನಿನ ಮೈ ನಿಧಾನ. ರಾತ್ರಿಯಿಡೀ ಪಾಚಿ, ಜೊಂಡು ಆಮ್ಲಜನಕ ಉತ್ಪಾದಿಸದೆ ಬಳಸುತ್ತಲೇ ಇರುವುದರಿಂದ ಅದರ ಪ್ರಮಾಣ ತೀರ ಇಳಿಯುವುದೂ ಬೆಳಗಿನ ಜಾವದಲ್ಲೇ. ಬಿಸಿಲು ಏರಿ ಒಂದೆರಡು ಗಂಟೆಯಾದ ಮೇಲೆ ಮೇವು ಶುರು. ಚಳಿಗಾಲದಲ್ಲಿ ಎಂಟೂವರೆಗೆ ಹೋದರೆ ನಷ್ಟವಿಲ್ಲ. ಏಪ್ರಿಲ್‌ನಲ್ಲಾದರೆ ಆರು ಗಂಟೆಯೇ ಸರಿ. ನಿಮ್ಮ ಪಾಲಿನ ತಪ್ಪು, ಸದ್ದು. ಗೆಂಡೆಯ ಗಾಳಿಚೀಲದಿಂದ ಒಳಕಿವಿಯವರೆಗೆ ಸಣ್ಣ ಮೂಳೆಗಳ ಸರಪಳಿಯೇ ಇದೆ, ಅದರಿಂದ ಅದರ ಕಿವಿ ಬಹಳ ಚುರುಕು. ಏರಿಯ ಮೇಲೆ ಬೈಕ್ ತಂದು ನಿಲ್ಲಿಸಿ, ಮೂವತ್ತು ಉಂಡೆಗಳನ್ನು ಧಪಧಪ ಎಸೆದರೆ ಆ ಜಾಗಕ್ಕೆ ಮತ್ತೆ ನಂಬಿಕೆ ಬರಲು ಹೊತ್ತು ಬೇಕು.

ಜಾಗ ಬದಲಿಸದೆ ಕೂತದ್ದೂ ಸರಿಯಲ್ಲ. ತೂಬಿನ ಪಕ್ಕ ಕೆರೆಯ ಅತಿ ಆಳದ ಜಾಗ, ಬೆಳಿಗ್ಗೆಗೆ ಅದು ಸರಿಯೇ. ಹನ್ನೊಂದರ ನಂತರ ಏರಿಯ ಎದುರು ದಿಕ್ಕಿನ ಕೆರೆಯಂಗಳದಲ್ಲಿ ಮೂರರಿಂದ ಐದು ಅಡಿ ನೀರು ಬೇಗ ಬೆಚ್ಚಗಾಗುತ್ತದೆ, ಮೀನು ಅಲ್ಲಿಗೆ ಸರಿಯುತ್ತದೆ. ಆ ಕಡೆ ಹೂಳಿನಲ್ಲಿ ಕಾಲಿಡುವ ಮುನ್ನ ಕೋಲಿನಿಂದ ಚುಚ್ಚಿ ನೋಡಿ. ತೂಬು ತೆರೆದಿರುವಾಗ ಅದರ ಬಳಿ ನೀರಿಗೆ ಇಳಿಯಲೇಬೇಡಿ. ಕೋಲು ಕಾರ್ಬನ್ನಿನದಾಗಿದ್ದರೆ ವಿದ್ಯುತ್ ತಂತಿಯ ಕೆಳಗೆ ಎತ್ತಲೂಬೇಡಿ.

ನಮ್ಮ ಕೆರೆಗಳ ಸಾಮಾನ್ಯ ಗೆಂಡೆ ಹೊರಗಿನಿಂದ ಬಂದದ್ದು, ಬ್ಯಾಂಕಾಕಿನ ತಳಿ ಭಾರತಕ್ಕೆ ಬಂದದ್ದು 1957ರಲ್ಲಿ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಬಿತ್ತನೆ ಮರಿ ಬಿಟ್ಟರಷ್ಟೇ ಇರುತ್ತವೆ. ಸಾಮಾನ್ಯ ಗೆಂಡೆ ಜನವರಿಯಿಂದ ಮಾರ್ಚ್‌ವರೆಗೆ, ಮತ್ತೆ ಜುಲೈ, ಆಗಸ್ಟ್‌ನಲ್ಲಿ ಜೊಂಡಿಗೆ ಮೊಟ್ಟೆ ಅಂಟಿಸುತ್ತದೆ. ಕೆರೆಯಂಗಳದ ಜೊಂಡಿನಲ್ಲಿ ಗುಂಪಾಗಿ ಪಟಪಟ ಬಡಿಯುತ್ತಿದ್ದರೆ ಅವು ತಿನ್ನುವ ಸ್ಥಿತಿಯಲ್ಲಿಲ್ಲ, ಅಲ್ಲಿ ಗಾಳ ಹಾಕದೆ ಬಿಟ್ಟುಬಿಡಿ. ನಿಮ್ಮ ಭಾಗದಲ್ಲಿ ಇನ್ನೊಂದನ್ನೂ ನೋಡಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ) ಕಾಲ. ಆ ನೀರು ಸಂಸ್ಕರಣೆಯಾಗದೆ ಹಳ್ಳಕ್ಕೆ ಬಿದ್ದರೆ ಕೊಳೆಯುತ್ತಾ ಆಮ್ಲಜನಕವನ್ನು ಹೀರಿಬಿಡುತ್ತದೆ. ಕೆರೆಗೆ ಹಳ್ಳ ಸೇರುವ ಬಾಯಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಬಂದರೆ ಆ ಮೂಲೆಯಲ್ಲಿ ಮೀನು ಹುಡುಕಬೇಡಿ.

ಹೇಮಾವತಿ ಹಿನ್ನೀರಿನ ಬಗ್ಗೆ. ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಪರವಾನಗಿ, ಮಳೆಗಾಲದ ನಿರ್ಬಂಧ ಎರಡನ್ನೂ ಕೇಳಿಕೊಳ್ಳಿ. ಮಹಶೀರ್ ಗಾಳಕ್ಕೆ ಬಿದ್ದರೆ ನೀರಿನಲ್ಲಿಟ್ಟೇ ಗಾಳ ಬಿಡಿಸಿ ಕಳಿಸಿ. ಕಾವೇರಿ ದಡದ ರಾಮನಾಥಪುರದ ವಹ್ನಿ ಪುಷ್ಕರಣಿಯ ಮೀನುಗಳು ದೇವರ ಮೀನುಗಳು, ಆ ಕಡೆ ಗಾಳ ತೆಗೆದುಕೊಂಡು ಹೋಗುವ ಮಾತೇ ಇಲ್ಲ. ಬಿಟ್ಟುಬಿಡುವ ಯಾವ ಮೀನನ್ನೂ ಒಣ ಕೈಯಲ್ಲಿ ಮುಟ್ಟಬೇಡಿ, ಗೋಣಿಚೀಲದ ಮೇಲೆ ಮಲಗಿಸಬೇಡಿ. ಗೋಣಿ ಅದರ ಮೈಯ ಲೋಳೆ ಕೀಳುತ್ತದೆ. ಒದ್ದೆ ಮಾಡಿದ ಟಾರ್ಪಾಲಿನ ತುಂಡು ಸಾಕು.

ಕೆರೆಗೂ ಹಿನ್ನೀರಿಗೂ ಇರುವ ದೊಡ್ಡ ವ್ಯತ್ಯಾಸ ನೀರಿನ ಮಟ್ಟ. ನಾಲೆಗೆ ನೀರು ಬಿಟ್ಟು ಮಟ್ಟ ಇಳಿಯುತ್ತಿರುವ ದಿನಗಳಲ್ಲಿ ಗೆಂಡೆ ಅಂಚು ಬಿಟ್ಟು ಆಳಕ್ಕೆ ಸರಿಯುತ್ತದೆ, ಹೋದ ವಾರ ಸಿಕ್ಕ ಜಾಗ ಈ ವಾರ ಖಾಲಿ. ತಂಗೂಸಿ 0.35 ಮಿ.ಮೀ. ಇರಲಿ, ಮರದ ಬೊಡ್ಡೆ, ಹಳೆಯ ಕಲ್ಲುಗೋಡೆಗಳಿಗೆ ತೆಳ್ಳನೆಯದು ನಿಲ್ಲದು. ಅಣೆಕಟ್ಟು ಕಟ್ಟುವ ಮುಂಚೆ ಅಲ್ಲಿದ್ದದ್ದು ಊರು, ಹೊಲ, ಗದ್ದೆ. ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಪೂರ್ತಿ ಹೊರಗೆ ನಿಲ್ಲುವುದನ್ನು ನೀವು ನೋಡಿಯೇ ಇರುತ್ತೀರಿ. ಅದರ ಸುತ್ತಲಿನ ಹಳೆಯ ಗದ್ದೆ ಬದುಗಳೂ ಹಾಗೆಯೇ ಮುಳುಗಿ ಏಳುತ್ತವೆ, ನೀರಿನಡಿ ಗೆಂಡೆ ಓಡಾಡುವುದು ಆ ಬದುಗಳ ಪಕ್ಕದಲ್ಲೇ. ಆದ್ದರಿಂದ ಏಪ್ರಿಲ್ ಕೊನೆಯಲ್ಲಿ, ಗಾಳವಿಲ್ಲದೆ, ಒಂದು ದಿನ ಅಲ್ಲಿ ನಡೆದು ಬನ್ನಿ. ಬದು ಎಲ್ಲಿ ತಿರುಗುತ್ತದೆ, ಬೊಡ್ಡೆ ಎಲ್ಲಿದೆ, ಗರಸು ಎಲ್ಲಿ ಮುಗಿದು ಹೂಳು ಶುರುವಾಗುತ್ತದೆ, ಒಂದೊಂದನ್ನೂ ಎದುರು ದಡದ ಮರವೋ ಗುಡ್ಡವೋ ಹಿನ್ನೆಲೆಯಲ್ಲಿ ಬರುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ನವೆಂಬರ್‌ನಲ್ಲಿ ಅಲ್ಲಿ ಹತ್ತು ಅಡಿ ನೀರು ನಿಂತಾಗ ಗುಂಡು ಎಲ್ಲಿಗೆ ಎಸೆಯಬೇಕೆಂದು ಆ ಫೋಟೊಗಳೇ ಹೇಳುತ್ತವೆ.